ಚುಚ್ಚದಿದ್ದರೆ ಅದೆಂಥ ಕಂಬಳಿ?

ಮಾನ್ಯರೇ,

ಮೇಷ್ಟ್ರ ಕೆಲಸದಿಂದ ನಿವೃತ್ತನಾದೆ ಅಂತ ಹೋದ ತಿಂಗಳು ಊರಿನವರು ನನ್ನನ್ನು ವೇದಿಕೆ ಹತ್ತಿಸಿ ಕಂಬಳಿ ಹೊದಿಸಿದರು. ಖುಷಿಯಾಯಿತು. ಆದರೆ ಹೆಗಲ ಮೇಲೆ ಬಿದ್ದ ಕೂಡಲೇ ಅನುಮಾನ. ಕುತ್ತಿಗೆಗೆ ಚುಚ್ಚಲೇ ಇಲ್ಲ! ಮನೆಗೆ ಬಂದು ಅಂಚಿನ ಒಂದು ಎಳೆ ಕಿತ್ತು ಕಡ್ಡಿ ಗೀರಿದೆ. ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಉದುರಬೇಕಿತ್ತು. ಇದು ಕರಗಿ, ಕರಿಮಣಿಯಂತೆ ಗಟ್ಟಿಯಾಯಿತು.

ನಾನು ಚಳ್ಳಕೆರೆ ಕಡೆಯವನು, ಕಂಬಳಿ ನೇಯುವವರ ಮನೆಯವನು. ವರ್ಷಕ್ಕೆ ಎರಡು ಸಲ ಕುರಿ ಉಣ್ಣೆ ಕತ್ತರಿಸುತ್ತಿದ್ದರು. ಮುಳ್ಳು ಆರಿಸಿ, ಹಿಂಜಿ ಕೊಟ್ಟರೆ ಅವ್ವ ರಾಟಿ ಮುಂದೆ ಕೂರುತ್ತಿದ್ದಳು. ಬಣ್ಣ ಬೇಕಿರಲಿಲ್ಲ, ಕುರಿಯೇ ಕರಿದು. ನೂಲನ್ನು ಬೀದಿಯುದ್ದಕ್ಕೂ ಹಾಸಿ ಹುಣಸೆ ಬೀಜದ ಗಂಜಿ ಹಚ್ಚುವುದು ಅಪ್ಪನ ಕೆಲಸ. ಬೀಜ ನೆನೆಹಾಕಿ, ರುಬ್ಬಿ, ಕುದಿಸುವುದು ನಮ್ಮ ಪಾಲಿಗೆ. ಗಂಜಿ ತೆಳುವಾದರೆ ಮಗ್ಗದಲ್ಲಿ ಎಳೆ ಪಟಪಟ ಹರಿಯುತ್ತಿತ್ತು, ಬೈಗುಳವೂ ನಮ್ಮ ಪಾಲಿಗೇ. ಹಾಸು ಒಣಗುವವರೆಗೆ ಎತ್ತಿನ ಗಾಡಿಗಳು ಬೇರೆ ಬೀದಿ ಬಳಸಿ ಹೋಗುತ್ತಿದ್ದವು. ಈಗ ಬೈಕಿನವರಿಗೆ ಹಾಗೆ ಹೇಳಿ ನೋಡಿ!

ಕುರಿ ಕಾಯುವವರನ್ನು ದೂರುವಂತಿಲ್ಲ. ಮಾಂಸಕ್ಕೆ ಬೆಲೆ ಜಾಸ್ತಿ, ಉಣ್ಣೆಗೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ. ಹಾಗಾಗಿ ಉಣ್ಣೆಯೇ ಇಲ್ಲದ ತಳಿಗಳನ್ನು ಸಾಕುವವರು ಹೆಚ್ಚಾಗಿದ್ದಾರೆ.

ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡಬೇಕು ಅಂತ 1985ರಲ್ಲೇ ಕೇಂದ್ರದ ಕಾಯ್ದೆ ಬಂತು. ಸೀರೆ, ಪಂಚೆಗಳ ಜೊತೆ ಕಂಬಳಿಯೂ ಆ ಪಟ್ಟಿಯಲ್ಲಿದೆ. ಸನ್ಮಾನ ಮಾಡುವವರಿಗೆ ಇದೆಲ್ಲ ಎಲ್ಲಿ ಗೊತ್ತಿರುತ್ತದೆ? ಹಾರ, ಪೇಟ ತರುವ ಅಂಗಡಿಯಲ್ಲೇ ಕಂಬಳಿಯನ್ನೂ ತಂದುಬಿಡುತ್ತಾರೆ. ಚುನಾವಣೆ ಬಂದರಂತೂ ಕಂಬಳಿ ಹೊದ್ದು ಕುರಿಮರಿ ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳದ ನಾಯಕರು ಕಮ್ಮಿ. ಮರಿ ಮಾತ್ರ ಅಸಲಿ.

ಸರ್ಕಾರಿ ಸಮಾರಂಭಗಳಲ್ಲಾದರೂ ಕೈಯಲ್ಲಿ ನೂತು, ಕೈಮಗ್ಗದಲ್ಲಿ ನೇಯ್ದ ಕಂಬಳಿಯನ್ನೇ ಹೊದಿಸಬೇಕು ಅಂತ ಒಂದು ಸುತ್ತೋಲೆ ಹೊರಡಿಸಲಿ. ಹಿಂದಿನ ದಿನ ಓಡಿಬಂದರೆ ಯಾವ ನೇಕಾರನೂ ಕೊಡಲಾರ, ತಿಂಗಳು ಮೊದಲೇ ಹೇಳಿ. ದುಡ್ಡು ಜಾಸ್ತಿ ಆಗುತ್ತದೆ ಅಂದರೆ ಹಾರ ಕಮ್ಮಿ ಮಾಡಿ.

ನನಗೆ ಹೊದಿಸಿದ್ದನ್ನು ಸುಮ್ನೆ ಎಸೆಯಲು ಮನಸ್ಸಾಗದೆ ಸ್ಕೂಟರಿಗೆ ಹೊದಿಸಿದ್ದೇನೆ. ಮೊನ್ನೆಯ ಮಳೆಗೆ ಸೀಟು ಪೂರ್ತಿ ನೆನೆದಿತ್ತು.

– ನಿವೃತ್ತ ಶಿಕ್ಷಕ, ಚಳ್ಳಕೆರೆ ತಾಲ್ಲೂಕು