ಟಿವಿಯ ಕಪ್ಪು ಕವಚ ಅಡುಗೆಮನೆಯ ಸಟ್ಟುಗವಾಗಿ ಮರಳುವುದು ಬೇಡ

ಸಂಪಾದಕರಿಗೆ ನಮಸ್ಕಾರ.

ದೀಪಾವಳಿ ಹತ್ತಿರವಾಗುತ್ತಿದ್ದಂತೆ ಮುಂಬಯಿ, ಠಾಣೆ, ಡೊಂಬಿವಲಿಯ ಮನೆಗಳ ಅಟ್ಟದಿಂದ ಹಳೆಯ ಡಬ್ಬಾ ಟಿವಿ, ಮಾನಿಟರ್, ಪ್ರಿಂಟರ್‌ಗಳು ಕೆಳಗಿಳಿಯುತ್ತವೆ. ನಮ್ಮವರ ಹೋಟೆಲುಗಳ ಗಲ್ಲಾದ ಮೇಲಿನ ಹಳೆಯ ಬಿಲ್ಲಿಂಗ್ ಯಂತ್ರವೂ ಅವುಗಳ ಜೊತೆ ಭಂಗಾರ್‌ವಾಲನ, ಅಂದರೆ ಗುಜರಿಯವನ, ಕೈಗಾಡಿ ಏರುತ್ತದೆ. ತಾಮ್ರಕ್ಕೆ, ಬೋರ್ಡಿಗೆ ಬೆಲೆ ಇರುವುದರಿಂದ ಅವುಗಳ ದಾರಿ ಎಲ್ಲರಿಗೂ ಗೊತ್ತು. ಕವಚದ ಪ್ಲಾಸ್ಟಿಕ್ ಎಲ್ಲಿಗೆ ಹೋಗುತ್ತದೆಂದು ಮಾತ್ರ ಯಾರೂ ಕೇಳುವುದಿಲ್ಲ. ಅದು ಪುಡಿಯಾಗಿ, ಕರಗಿ, ಕಪ್ಪು ದಾಣಾ (ಅಚ್ಚಿಗೆ ಹಾಕುವ ಪ್ಲಾಸ್ಟಿಕ್ ಕಾಳು) ಆಗಿ, ಆಟಿಕೆ, ಬಾಚಣಿಗೆ, ಅಡುಗೆಮನೆಯ ಸಟ್ಟುಗಗಳಾಗಿ ಪೇಟೆಗೆ ಮರಳಬಹುದು. ಹಲವು ದೇಶಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಇಂಥ ಕಪ್ಪು ಸಾಮಾನುಗಳಲ್ಲಿ ಟಿವಿ ಕವಚದ ಬ್ರೋಮಿನ್ ರಾಸಾಯನಿಕಗಳು ಸಿಕ್ಕಿವೆ.

ಹೊಸ ಉಪಕರಣಗಳ ಮಟ್ಟಿಗೆ ನಮ್ಮ ಕಾನೂನು ಗಟ್ಟಿಯಾಗಿಯೇ ಇದೆ. 2011ರ ಇ-ತ್ಯಾಜ್ಯ ನಿಯಮಗಳಲ್ಲಿದ್ದ ಮಿತಿಗಳು 2014ರ ಮೇ 1ರಿಂದ ಜಾರಿಗೆ ಬಂದವು. 2023ರ ಏಪ್ರಿಲ್ 1ರಿಂದ ನಡೆಯುತ್ತಿರುವ ಈಗಿನ ನಿಯಮಗಳೂ ಅವನ್ನೇ ಉಳಿಸಿಕೊಂಡಿವೆ. ಸೀಸ, ಪಾದರಸ, ಹೆಕ್ಸಾವೇಲೆಂಟ್ ಕ್ರೋಮಿಯಂ, ಜೊತೆಗೆ ಬೆಂಕಿ ತಡೆಯಲು ಬೆರೆಸುವ ಪಿಬಿಬಿ, ಪಿಬಿಡಿಇ ಎಂಬ ಎರಡು ಬ್ರೋಮಿನ್ ಗುಂಪುಗಳು ತೂಕದ ಶೇ 0.1 ದಾಟಬಾರದು, ಕ್ಯಾಡ್ಮಿಯಂ ಶೇ 0.01 ದಾಟಬಾರದು. ಇದು ಇಡೀ ಟಿವಿಯ ತೂಕದ ಲೆಕ್ಕವಲ್ಲ. ಮತ್ತಷ್ಟು ಬಿಡಿಸಲಾಗದ ಒಂದೊಂದು ವಸ್ತುವಿಗೂ, ಅಂದರೆ ವೈರಿನ ಮೇಲುಹೊದಿಕೆಗೆ, ಬೆಸುಗೆಯ ಒಂದು ಹನಿಗೆ, ಕವಚದ ಒಂದು ಚೂರಿಗೆ ಬೇರೆ ಬೇರೆಯಾಗಿ ಈ ಮಿತಿ ಅನ್ವಯಿಸುತ್ತದೆ. ಯುರೋಪ್ 2019ರ ಜುಲೈ 22ರಿಂದ ಪ್ಲಾಸ್ಟಿಕ್ ಮೆದುಗೊಳಿಸುವ ನಾಲ್ಕು ಥ್ಯಾಲೇಟುಗಳನ್ನೂ ಸೇರಿಸಿ ಪಟ್ಟಿಯನ್ನು ಹತ್ತಕ್ಕೆ ಏರಿಸಿತು. ನಾವು ಆರರಲ್ಲೇ ನಿಂತಿದ್ದೇವೆ.

ತೊಂದರೆ ಇರುವುದು 2014ಕ್ಕಿಂತ ಹಿಂದಿನ ಮಾಲಿನಲ್ಲಿ. ಅಂದಿನ ಟಿವಿಗಳ ಹಿಂಬದಿ ಕವಚಕ್ಕೆ ಪಾಲಿಸ್ಟೈರೀನ್ ಅಥವಾ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಬಳಸಿ, ಅದಕ್ಕೆ ಡೆಕಾಬಿಡಿಇಯಂಥ ಪಿಬಿಡಿಇ ಬೆರೆಸುವುದು ಸಾಮಾನ್ಯವಾಗಿತ್ತು. ಬೆಂಕಿ ಆರಬೇಕಾದರೆ ಇದು ಶೇ 10ರ ಆಸುಪಾಸಿನಲ್ಲಿ ಇರಲೇಬೇಕು. ಜೊತೆಗೆ ಅದರ ಕೆಲಸಕ್ಕೆ ಬಲ ಕೊಡುವ ಆ್ಯಂಟಿಮನಿ ಟ್ರೈಆಕ್ಸೈಡ್ ಬೇರೆ. ಶೇ 10 ಎಂದರೆ ಇಂದಿನ ಮಿತಿಯ ನೂರು ಪಟ್ಟು. ಅಂಥ ಒಂದು ಕಿಲೋ ಚೂರನ್ನು ಒಂಬತ್ತು ಕಿಲೋ ಶುದ್ಧ ದಾಣಾದೊಂದಿಗೆ ಕಲಸಿದರೂ ಶೇ 1 ಉಳಿಯುತ್ತದೆ, ಮಿತಿಯ ಹತ್ತು ಪಟ್ಟು. ಆ ಶೇ 1ರಿಂದ ಬೆಂಕಿಯೂ ಆರುವುದಿಲ್ಲ. ಹಾಗಾಗಿ ಒಂದು ಸಟ್ಟುಗದಲ್ಲಿ ಅಲ್ಪಸ್ವಲ್ಪ ಡೆಕಾಬಿಡಿಇ ಸಿಕ್ಕಿದರೆ ಅದನ್ನು ಯಾರೂ ಬೇಕೆಂದು ಹಾಕಿಲ್ಲ, ಗುಜರಿಯಿಂದ ಬಂದಿದೆ ಎಂದೇ ತಿಳಿಯಬೇಕು.

ಬ್ರೋಮಿನ್ ಇದ್ದದ್ದೆಲ್ಲ ನಿಷಿದ್ಧವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಹಸಿರು ಪಿಸಿಬಿಯಲ್ಲಿ (ಬಿಡಿಭಾಗ ಕೂರಿಸುವ ಬೋರ್ಡಿನಲ್ಲಿ) ಇರುವ ಟಿಬಿಬಿಪಿಎ ಎಂಬ ಬ್ರೋಮಿನ್ ಸಂಯುಕ್ತ ಸಾಮಾನ್ಯವಾಗಿ ಬೋರ್ಡಿನ ಎಪಾಕ್ಸಿ ರಾಳದೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುತ್ತದೆ. ಅದು ಈ ಆರರ ಪಟ್ಟಿಯಲ್ಲಿಲ್ಲ. ಪಿಬಿಡಿಇ ಹಾಗಲ್ಲ. ಅದು ಪ್ಲಾಸ್ಟಿಕ್‌ನೊಳಗೆ ಬರೇ ಬೆರೆತಿರುತ್ತದೆ. ಆದ್ದರಿಂದ ವರ್ಷಗಳು ಕಳೆದಂತೆ ಮೆಲ್ಲಗೆ ಹೊರಬಂದು ಮನೆಯ ಧೂಳಿಗೆ ಅಂಟುತ್ತದೆ, ಬಿಸಿ ಎಣ್ಣೆಗೆ ಇಳಿಯುತ್ತದೆ, ದೇಹದ ಕೊಬ್ಬಿನಲ್ಲಿ ಉಳಿಯುತ್ತದೆ. ಇವು ಥೈರಾಯ್ಡ್ ಹಾರ್ಮೋನಿನ ಕೆಲಸಕ್ಕೆ ಅಡ್ಡಬರುವುದರಿಂದ ಬೆಳೆಯುವ ಮಕ್ಕಳ ಬಗ್ಗೆ ಹೆಚ್ಚು ಚಿಂತೆ. ಎಕ್ಸ್-ಕಿರಣ ಹಾಯಿಸಿ ಧಾತುಗಳನ್ನು ಅಳೆಯುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ಒಟ್ಟು ಬ್ರೋಮಿನ್ ಎಷ್ಟೆಂದು ಮಾತ್ರ ಹೇಳುತ್ತದೆ; ಯಾವ ರಾಸಾಯನಿಕ ಎಂದು ತಿಳಿಯಲು ಸಂಯುಕ್ತಗಳನ್ನು ಬೇರ್ಪಡಿಸಿ ಗುರುತಿಸುವ ಪ್ರಯೋಗಾಲಯದ ಜಿಸಿ-ಎಂಎಸ್ ಪರೀಕ್ಷೆ ಬೇಕು. ಯಂತ್ರ ತೋರಿಸಿದ ಅಂಕಿಯೊಂದನ್ನೇ ಹಿಡಿದು ಅಂಗಡಿಯವನ ಮೇಲೆ ಆರೋಪ ಹೊರಿಸುವುದು ತಪ್ಪು.

ಯಂತ್ರವಿಲ್ಲದೆಯೂ ಗುಜರಿ ಅಂಗಡಿಯಲ್ಲಿ ಮಾಡಬಹುದಾದ ಕೆಲಸ ಬಹಳಷ್ಟಿದೆ. ಮೊದಲು ಕವಚದ ಒಳಮೈಯ ಅಚ್ಚು ನೋಡಿ. ಎರಡು ಬಾಣದ ಗುರುತುಗಳ ನಡುವೆ ಪ್ಲಾಸ್ಟಿಕ್‌ನ ಹೆಸರು, ಅದರ ಬಳಿಕ ಬೆಂಕಿ ತಡೆಯ ಗುರುತಾದ ಎಫ್‌ಆರ್, ಅದರ ಪಕ್ಕದ ಆವರಣದಲ್ಲಿ ಒಂದು ಅಂಕಿ ಇರುತ್ತದೆ. 18 ಅಥವಾ 19 ಇದ್ದರೆ ಪಿಬಿಡಿಇ, 20 ಇದ್ದರೆ ಪಿಬಿಬಿ. 16, 17 ಇದ್ದರೆ ಬೇರೆ ಬಗೆಯ ಬ್ರೋಮಿನ್. 40 ಇದ್ದರೆ ಬ್ರೋಮಿನ್ ಇಲ್ಲದ ರಂಜಕದ ಸಂಯುಕ್ತ. ಹಳೆಯ ಮಾಲಿನಲ್ಲಿ ಎಷ್ಟೋ ಸಲ ಅಚ್ಚೇ ಇರುವುದಿಲ್ಲ. ಆಗ ಉಪ್ಪುನೀರು.

ಒಂದು ಲೀಟರ್ ನೀರಿಗೆ 165 ಗ್ರಾಂ ಉಪ್ಪು ಕರಗಿಸಿದರೆ ಸಾಂದ್ರತೆ (ಬರೀ ನೀರಿನದು 1) ಸುಮಾರು 1.10ಕ್ಕೆ ಬರುತ್ತದೆ. ಬ್ಯಾಟರಿ ಅಂಗಡಿಯಲ್ಲಿರುವ, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲೇ ಇದನ್ನು ನೋಡಿಕೊಳ್ಳಬಹುದು. ಸಾದಾ ಪಾಲಿಸ್ಟೈರೀನಿನ ಸಾಂದ್ರತೆ 1.04, ಎಬಿಎಸ್‌ನದು 1.05, ಇವು ತೇಲುತ್ತವೆ. ಬ್ರೋಮಿನ್ ತುಂಬಿದ ಅದೇ ಪ್ಲಾಸ್ಟಿಕ್ 1.15ರ ಮೇಲಿದ್ದು ಮುಳುಗುತ್ತದೆ. ಚೂರುಗಳನ್ನು ಹೆಬ್ಬೆರಳ ಉಗುರಿನಷ್ಟು ಮಾಡಿ, ತೊಳೆದು ಹಾಕಬೇಕು. ನೀರಿಗೆ ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಬಿಡದಿದ್ದರೆ ಗಾಳಿಗುಳ್ಳೆ ಅಂಟಿಕೊಂಡು ಮುಳುಗಬೇಕಾದದ್ದೂ ತೇಲುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಇನ್ನೊಂದು ತಪ್ಪು, ಒದ್ದೆ ಚೂರುಗಳನ್ನು ಸುರಿದೂ ಸುರಿದೂ ಉಪ್ಪುನೀರು ತೆಳುವಾಗುವುದು. 1.05ಕ್ಕಿಂತ ಕೆಳಗಿಳಿದರೆ ಒಳ್ಳೆಯ ಎಬಿಎಸ್ ಕೂಡ ತಳ ಸೇರಿ ಅಂಗಡಿಯವನಿಗೆ ನಷ್ಟ. ಪಿವಿಸಿ, ಗಾಜಿನ ಎಳೆ ಸೇರಿದ ಪ್ಲಾಸ್ಟಿಕ್, ಪಾಲಿಕಾರ್ಬೊನೇಟ್-ಎಬಿಎಸ್ ಮಿಶ್ರಣ ಇವೂ ಮುಳುಗುವುದರಿಂದ ಮುಳುಗಿದ್ದೆಲ್ಲ ಪಿಬಿಡಿಇ ಎಂದಲ್ಲ, ಅನುಮಾನದ ಮಾಲು ಅಷ್ಟೆ. ಅನುಮಾನದ್ದನ್ನು ದಾಣಾ ಮಾಡಬಾರದು. ತಾಮ್ರದ ತಂತಿ ಕಾಯಿಸಿ ಜ್ವಾಲೆ ಹಸಿರಾಗುತ್ತದೆಯೇ ಎಂದು ನೋಡುವ ಪರೀಕ್ಷೆ ಕೆಲವರಿಗೆ ಗೊತ್ತಿದೆ. ಅದು ಪಿವಿಸಿಯ ಕ್ಲೋರಿನ್‌ಗೂ ಹಸಿರೇ ತೋರಿಸುತ್ತದೆ, ಹೊಗೆಯೂ ಕೆಟ್ಟದ್ದು, ದಯವಿಟ್ಟು ಬೇಡ.

ಹಾಗೆ ಬೇರ್ಪಟ್ಟದ್ದು ಎಲ್ಲಿಗೆ ಹೋಗಬೇಕು? ಅಪಾಯಕಾರಿ ತ್ಯಾಜ್ಯದ ವಿಲೇವಾರಿ ಕೇಂದ್ರ ತಳೋಜದಲ್ಲಿದೆ. ಆದರೆ ಧಾರಾವಿ, ಕುರ್ಲಾದ ಸಣ್ಣ ವ್ಯಾಪಾರಿ ತಾನೇ ಸಾಗಣೆಯ ಖರ್ಚು ಹೊತ್ತು ಅಲ್ಲಿಗೆ ಒಯ್ಯಲಿ ಎಂದರೆ ಆಗುವ ಮಾತಲ್ಲ. ಈಗಿನ ನಿಯಮಗಳ ಕೊರತೆಯೂ ಇದೇ ಜಾಗದಲ್ಲಿದೆ: ಮರುಬಳಕೆದಾರರಿಗೆ ಸಿಗುವ, ತಯಾರಕರು ತಮ್ಮ ಹೊಣೆ ತೀರಿಸಲು ಕೊಳ್ಳುವ ಇಪಿಆರ್ ಪ್ರಮಾಣಪತ್ರ ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಎಂಬ ನಾಲ್ಕು ಲೋಹಗಳ ಲೆಕ್ಕದಲ್ಲಿ. ಬ್ರೋಮಿನ್ ಪ್ಲಾಸ್ಟಿಕನ್ನು ಬೇರ್ಪಡಿಸಿ ಸರಿಯಾಗಿ ನಾಶಮಾಡಿದವನಿಗೆ ಆ ಲೆಕ್ಕದಲ್ಲಿ ಏನೂ ಬರುವುದಿಲ್ಲ. ಹಾಗಿದ್ದ ಮೇಲೆ ಅದು ದಾಣಾ ಯಂತ್ರಕ್ಕೆ ಹೋಗದೆ ಇನ್ನೆಲ್ಲಿಗೆ ಹೋದೀತು? ಐದನೆಯ ಬಾಬತ್ತಾಗಿ ಇದನ್ನು ಸೇರಿಸಿ, ಆ ಹಣದಲ್ಲಿ ಗುಜರಿ ಓಣಿಗಳಿಂದಲೇ ಮಾಲು ಎತ್ತುವ ಏರ್ಪಾಡು ಆಗಬೇಕು ಎಂಬುದು ನಮ್ಮ ಒತ್ತಾಯ.

ಬೆಂಕಿ ತಡೆಯುವ ರಾಸಾಯನಿಕವೇ ಬೇಡವೆಂದು ನಾವು ಹೇಳುತ್ತಿಲ್ಲ. ಇಕ್ಕಟ್ಟಾದ ಚಾಳುಗಳಲ್ಲಿ ಒಂದು ಚಾರ್ಜರ್ ಹೊತ್ತಿಕೊಂಡರೆ ಏನಾದೀತೆಂದು ಮುಂಬಯಿಯವರಿಗೆ ಹೇಳಬೇಕಿಲ್ಲ. ಪಾಲಿಕಾರ್ಬೊನೇಟ್-ಎಬಿಎಸ್‌ಗೆ ರಂಜಕದ ಸಂಯುಕ್ತಗಳು, ಕೇಬಲ್ಲಿಗೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಹೀಗೆ ಬದಲಿಗಳು ಬಳಕೆಯಲ್ಲಿವೆ.

ಲ್ಯಾಮಿಂಗ್ಟನ್ ರಸ್ತೆಯಿಂದ ಬಿಡಿಭಾಗ ತಂದು ದುರಸ್ತಿ ಮಾಡುವ ಗೆಳೆಯರಿಗೆ ಒಂದು ಮಾತು. ತವರ-ಸೀಸದ 63/37 ಬೆಸುಗೆತಂತಿಯಲ್ಲಿ ಸೀಸ ಶೇ 37, ಮಿತಿಯ 370 ಪಟ್ಟು. ಸೀಸವಿಲ್ಲದ ಬೋರ್ಡಿಗೆ ಅದನ್ನು ಹಚ್ಚಿದರೆ ಆ ಬೋರ್ಡು ಮಿತಿಯೊಳಗೆ ಉಳಿಯುವುದಿಲ್ಲ. ಸೀಸದ್ದು 183 ಡಿಗ್ರಿಗೆ ಕರಗಿದರೆ ತವರ-ಬೆಳ್ಳಿ-ತಾಮ್ರದ್ದು 217ಕ್ಕೆ ಕರಗಲು ಶುರುವಾಗುತ್ತದೆ. ಎರಡಕ್ಕೂ ಬೇರೆ ಬಿಟ್ (ಬೆಸುಗೆಕೋಲಿನ ತುದಿ) ಇಟ್ಟುಕೊಳ್ಳಿ. ಸೀಸರಹಿತ ಬೆಸುಗೆ ಮಂಕಾಗಿ ಕಾಣುವುದು ಸಹಜ. ಹೊಳಪಿಲ್ಲವೆಂದು ಮತ್ತೆ ಮತ್ತೆ ಕಾಯಿಸಿದರೆ ಬೋರ್ಡಿನ ತಾಮ್ರದ ಪ್ಯಾಡ್ ಎದ್ದುಬರುತ್ತದೆ. ಬೆಸುಗೆ ಹಾಕುವ ಶಾಖದಲ್ಲಿ ಸೀಸ ಅಷ್ಟಾಗಿ ಆವಿಯಾಗುವುದಿಲ್ಲ, ಅದು ಹೊಟ್ಟೆ ಸೇರುವುದು ಕೈಯಿಂದ. ಊಟದ ಡಬ್ಬಿ ಬಿಚ್ಚುವ ಮೊದಲು ಸೋಪಿನಿಂದ ಕೈ ತೊಳೆಯಿರಿ.

ಮನೆಯಲ್ಲಿ ಹಳೆಯ ಟಿವಿ ಇನ್ನೂ ಓಡುತ್ತಿದ್ದರೆ ಗಾಬರಿ ಬೇಡ. ಅದರ ಸುತ್ತಲಿನ ಧೂಳನ್ನು ಒಣ ಪೊರಕೆಯಿಂದ ಎಬ್ಬಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ದೋಸೆ ಕಾವಲಿಗೆ ಕಪ್ಪು ಪ್ಲಾಸ್ಟಿಕ್ ಸಟ್ಟುಗದ ಬದಲು ಉಕ್ಕಿನದೋ ಮರದ್ದೋ ಸಾಕು. ಮುಂಬಯಿಯ ಕನ್ನಡ ಸಂಘಗಳು ಹಬ್ಬದ ಮುಂಚಿನ ಎರಡು ಭಾನುವಾರ ಸಭಾಂಗಣದ ಒಂದು ಮೂಲೆ ಬಿಟ್ಟುಕೊಟ್ಟು, ನೋಂದಾಯಿತ ಮರುಬಳಕೆದಾರರ ವಾಹನವನ್ನು ಕರೆಸಿದರೆ ಬಹಳ ಉಪಕಾರವಾದೀತು. ಕವಚ ಒಡೆಯದೆ, ಬೋರ್ಡು ಕಳಚದೆ, ಉಪಕರಣವನ್ನು ಇಡಿಯಾಗಿ ತನ್ನಿ ಎಂದು ಆಹ್ವಾನದಲ್ಲೇ ಬರೆಯಲಿ.

ಇತಿ,
ಎಲೆಕ್ಟ್ರಾನಿಕ್ಸ್ ದುರಸ್ತಿ ಮತ್ತು ಪರೀಕ್ಷೆಯ ಕೆಲಸದಲ್ಲಿರುವ ಕೆಲವು ಕನ್ನಡಿಗರು,
ಮಾಟುಂಗ, ಮುಂಬಯಿ