ಬ್ರೇಕಿನ ಮೇಲಿನ ಕಾಲು: ಮಗಳಿಗೊಂದು ಪತ್ರ

ಮೂಡಿಗೆರೆ
ಭಾನುವಾರ ರಾತ್ರಿ

ಪುಟ್ಟೀ,

ನೀನು ತಿನ್ನದೆ ಬಿಟ್ಟು ಹೋದ ಅಕ್ಕಿರೊಟ್ಟಿಯನ್ನು ನಿನ್ನ ಅಮ್ಮ ರಾತ್ರಿ ಮುಚ್ಚಿಟ್ಟಿದ್ದಳು. ಬೆಳಿಗ್ಗೆ ಅದನ್ನೇ ತಂದು ನನ್ನ ಮುಂದಿಟ್ಟಳು. ಒಂದು ಮಾತಿಲ್ಲ. ತಟ್ಟೆಯಲ್ಲಿರುವುದು ತಿಂಡಿಯಲ್ಲ, ಶಿಕ್ಷೆ ಎಂದು ತಿಳಿಯಿತು. ನಾನೂ ಮಾತಾಡದೆ ತಿಂದೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಮತ್ತೆ ಪ್ರಶ್ನೆ ಕೇಳುತ್ತೇನೆ, ನೀನು ‘ಇಡುತ್ತೇನೆ ಅಪ್ಪ’ ಎನ್ನುತ್ತೀಯೆ. ಕಾಗದವಾದರೆ ನೀನು ನಡುವೆ ಇಡುವಂತಿಲ್ಲ. ಇಟ್ಟರೂ ನಾಳೆ ಎತ್ತಿಕೊಳ್ಳಬಹುದು.

ಆಸ್ಪತ್ರೆಯ ಕೆಲಸ ಬಿಟ್ಟು, ಗೆಳತಿಯ ಜೊತೆ ಸೇರಿ ಹಾಸನದಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ತೆರೆಯುತ್ತೇನೆ, ಸಾಲಕ್ಕೆ ಜಾಮೀನು ಹಾಕು ಎಂದು ಶುಕ್ರವಾರ ರಾತ್ರಿ ನೀನು ಹೇಳಿದಾಗ ನಾನು ಎಷ್ಟು ಪ್ರಶ್ನೆ ಕೇಳಿದೆ ಎಂದು ನಿನ್ನ ಅಮ್ಮ ಎಣಿಸಿದ್ದಾಳಂತೆ. ಹನ್ನೊಂದು. ರೋಗಿಗಳು ಬಾರದಿದ್ದರೆ? ಜೊತೆಯ ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೋದರೆ? ಕಟ್ಟಡದವರು ವರ್ಷಕ್ಕೇ ಬಿಡಿಸಿದರೆ? ಕೊರೊನಾದಂಥದ್ದು ಇನ್ನೊಮ್ಮೆ ಬಂದರೆ? ಕೊನೆಯದು, ‘ಬೇರೆಯವರ ಬೆನ್ನು ಸರಿಮಾಡುತ್ತಾ ನಿನಗೇ ಬೆನ್ನುನೋವು ಬಂದರೆ?’ ಆಗ ಅವಳು ಎದ್ದು ಒಳಗೆ ಹೋದಳು. ನೀನು ಸಾಲದ ಜಾಮೀನಿನ ಕಾಗದವನ್ನು ನನ್ನ ಕೈಯಿಂದ ತೆಗೆದು ಟೀಪಾಯಿಯ ಮೇಲೆ ಮಗುಚಿಟ್ಟು ಹೇಳಿದೆ: ‘ಅಪ್ಪ, ನಿನ್ನ ಕಾಲು ಯಾವಾಗಲೂ ಬ್ರೇಕಿನ ಮೇಲೆಯೇ.’

ಮೂವತ್ತೊಂದು ವರ್ಷ ಬಸ್ಸು ಓಡಿಸಿದವನಿಗೆ ಹೇಳುವ ಮಾತೇ ಇದು? ನೋವಾದದ್ದು ಮಗಳ ಮಾತಿಗಿಂತ ಹೆಚ್ಚಾಗಿ ಅದರೊಳಗಿನ ತಪ್ಪಿಗೆ. ಘಾಟಿಯಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯುವವನು ಡ್ರೈವರನೇ ಅಲ್ಲ. ಬ್ರೇಕಿನ ಲೈನರ್ ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಬೇಕಾದ ತಿರುವಿನಲ್ಲಿ ಬ್ರೇಕ್ ಹಿಡಿಯುವುದಿಲ್ಲ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿಯಬೇಕು. ಗಾಡಿಯನ್ನು ಇಂಜಿನ್ನೇ ಹಿಡಿದುಕೊಳ್ಳುತ್ತದೆ, ಬ್ರೇಕು ಆಗೊಮ್ಮೆ ಈಗೊಮ್ಮೆ. ಇದನ್ನು ನಿನಗೆ ಅಲ್ಲೇ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ನೀನು ಚಪ್ಪಲಿ ಹಾಕಿಕೊಂಡಿದ್ದೆ.

ಆಮೇಲೆ ಯೋಚಿಸಿದೆ. ನೀನು ಹೇಳಿದ್ದು ಬಸ್ಸಿನ ವಿಷಯವಲ್ಲ.

ನೀನು ಒಂಬತ್ತನೆಯ ತರಗತಿಯಲ್ಲಿದ್ದಾಗಿನ ಮೈಸೂರಿನ ಕ್ರೀಡಾಕೂಟದ ವಿಚಾರವನ್ನು ಇಲ್ಲಿ ಎತ್ತುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ಆ ಬಿಳಿ ಶೂ ಇನ್ನೂ ಅಟ್ಟದ ಮೇಲಿದೆ. ಅದರ ಬದಲು ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ನಿನ್ನ ಅಮ್ಮನಿಗೂ ಪೂರ್ತಿ ಹೇಳಿಲ್ಲ.

2014ರ ಜುಲೈ. ಚಿಕ್ಕಮಗಳೂರಿನಿಂದ ಮಂಗಳೂರಿಗೆ ಹೋಗುವ ಬೆಳಗಿನ ಶೆಡ್ಯೂಲ್ ನನ್ನದು. ಕೊಟ್ಟಿಗೆಹಾರದಲ್ಲಿ ಎಲ್ಲರೂ ನೀರುದೋಸೆ ತಿಂದು ಹತ್ತಿದರು. ಮಳೆ ಹೇಗಿತ್ತೆಂದರೆ ವೈಪರ್ ಒರೆಸಿದ್ದು ಗಾಜಿಗೆ ಗೊತ್ತೇ ಆಗುತ್ತಿರಲಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಅಣ್ಣಪ್ಪ ಸ್ವಾಮಿಯ ಗುಡಿಗೆ ಕೈಮುಗಿದು ಸ್ವಲ್ಪ ದೂರ ಇಳಿದಿದ್ದೆ. ಒಂದು ತಿರುವಿನಲ್ಲಿ ಗುಡ್ಡದ ಕಡೆಯ ಚರಂಡಿಯ ನೀರು ಕಂಡಿತು. ಹಿಂದಿನ ದಿನದವರೆಗೆ ತಿಳಿಯಾಗಿ ಬರುತ್ತಿದ್ದ ನೀರು ಅಂದು ಕೆಂಪಗೆ ಬರುತ್ತಿತ್ತು. ಎರಡು ಸಣ್ಣ ಕಲ್ಲುಗಳು ಉರುಳಿ ರಸ್ತೆಗೆ ಬಿದ್ದವು. ಮಣ್ಣಿನ ನೀರು, ಉರುಳುವ ಕಲ್ಲು, ವಾಲುವ ಮರ, ಇವು ಗುಡ್ಡ ಜಾರುವ ಮುಂಚಿನ ಲಕ್ಷಣಗಳು ಎಂದು ನಮಗೆ ಹಿರಿಯ ಡ್ರೈವರುಗಳು ಹೇಳಿಕೊಟ್ಟಿದ್ದರು. ಬಸ್ಸನ್ನು ಅಲ್ಲಿಯೇ ಅಗಲವಿದ್ದ ಜಾಗದಲ್ಲಿ ನಿಲ್ಲಿಸಿದೆ. ಗಂಟೆ ಏಳೂ ಇಪ್ಪತ್ತು.

ಮೊದಲ ಕಾಲು ಗಂಟೆ ಜನ ಸುಮ್ಮನಿದ್ದರು. ಆಮೇಲೆ ಒಬ್ಬರು ಬಾಗಿಲು ತೆರೆದು ನೋಡಿದರು. ಕಂಡಕ್ಟರ್ ನನ್ನ ಕಿವಿಯ ಹತ್ತಿರ ಬಂದು, ‘ಹೋಗೋಣ, ಏನಿಲ್ಲ’ ಎಂದ. ಅಷ್ಟರಲ್ಲಿ ಒಂದು ಜೀಪು ನಮ್ಮನ್ನು ದಾಟಿ ಇಳಿಯಿತು. ಒಂದು ಹಾಲಿನ ವ್ಯಾನು. ಎರಡು ಕಾರು. ಯಾರಿಗೂ ಏನೂ ಆಗಲಿಲ್ಲ. ನಾನು ಕದಲಲಿಲ್ಲ. ಐವತ್ತು ಜೀವಗಳಿದ್ದವು ಹಿಂದೆ.

ಮುಂದಿನ ಸೀಟಿನಲ್ಲಿದ್ದ ಒಬ್ಬ ಹುಡುಗಿ ನನ್ನ ಹತ್ತಿರ ಬಂದಳು. ಈಗಿನ ನಿನ್ನ ವಯಸ್ಸಿಗಿಂತ ಐದಾರು ವರ್ಷ ಚಿಕ್ಕವಳು. ಫೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ‘ಅಣ್ಣಾ, ಹನ್ನೊಂದು ಗಂಟೆಗೆ ಮಂಗಳೂರಿನಲ್ಲಿ ಇಂಟರ್‌ವ್ಯೂ ಇದೆ’ ಎಂದಳು. ‘ಜೀವಕ್ಕಿಂತ ಇಂಟರ್‌ವ್ಯೂ ದೊಡ್ಡದೇನಮ್ಮ’ ಎಂದೆ. ಅವಳು ಹೋಗಿ ಕುಳಿತಳು. ಎಂಟೂವರೆಗೆ ಇನ್ನೊಂದು ಕಾರು ಬಂದು ನಮ್ಮ ಪಕ್ಕ ನಿಧಾನವಾಯಿತು. ಅವಳು ಇಳಿದು ಓಡಿ ಕೈ ಅಡ್ಡ ಹಿಡಿದಳು. ನಾನು ಕಿಟಕಿಯಿಂದ ಕೂಗಿದೆ: ‘ಗುರುತಿಲ್ಲದವರ ಗಾಡಿ ಹತ್ತಬೇಡ, ಕಾಲ ಕೆಟ್ಟಿದೆ.’ ಕಾರಿನಲ್ಲಿದ್ದದ್ದು ವಯಸ್ಸಾದ ಗಂಡ ಹೆಂಡತಿ. ಆ ಅಜ್ಜಿ ಹಿಂದಿನ ಬಾಗಿಲು ತೆರೆದಿದ್ದರು ಕೂಡ. ಹುಡುಗಿ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು, ಬಸ್ಸು ಹತ್ತಿದಳು. ಯೂನಿಫಾರಂ ಹಾಕಿದವನು ಹೇಳಿದ ಮಾತಲ್ಲವೇ.

ಒಂಬತ್ತೂವರೆಗೆ ಮಳೆ ಇಳಿಯಿತು, ನಾನು ಹೊರಟೆ. ಗುಡ್ಡ ಕುಸಿದಿರಲಿಲ್ಲ. ಆ ದಿನವೂ ಇಲ್ಲ, ಆ ವಾರವೂ ಇಲ್ಲ, ಆ ವರ್ಷವೂ ಇಲ್ಲ.

ಅವಳು ಮಂಗಳೂರಿಗೆ ಬರಲೇ ಇಲ್ಲ ಪುಟ್ಟೀ. ಉಜಿರೆಯಲ್ಲಿ ಇಳಿದಳು. ಇಳಿದು, ಕೊಡೆ ಬಿಚ್ಚದೆಯೇ ರಸ್ತೆ ದಾಟಿ, ಎದುರು ಬದಿಯಲ್ಲಿ ವಾಪಸ್ ಹೋಗುವ ಬಸ್ಸಿಗೆ ನಿಂತಳು. ಕನ್ನಡಿಯಲ್ಲಿ ಕಂಡಿತು. ಸೈಡ್ ಕನ್ನಡಿಯಲ್ಲಿ ಯಾರನ್ನಾದರೂ ಎಷ್ಟು ಹೊತ್ತು ನೋಡಬಹುದು? ನಾಲ್ಕು ಸೆಕೆಂಡು. ಆ ನಾಲ್ಕು ಸೆಕೆಂಡನ್ನು ನಾನು ಈಗಲೂ ನೋಡುತ್ತಿದ್ದೇನೆ. ಯಾವ ಕೆಲಸಕ್ಕೆ ಹೊರಟಿದ್ದಳೋ, ಆಮೇಲೆ ಬೇರೆ ಸಿಕ್ಕಿತೋ, ಇದೇ ಕೊನೆಯ ಅವಕಾಶವಾಗಿತ್ತೋ. ಮದುವೆ ಮನೆಗಳಲ್ಲಿ ಆ ವಯಸ್ಸಿನ ಹೆಣ್ಣುಮಕ್ಕಳನ್ನು ಕಂಡರೆ ಮುಖ ನೋಡುತ್ತೇನೆ. ಮುಖ ನೆನಪಿಲ್ಲ. ನೆನಪಿರುವುದು ಕವರಿನಲ್ಲಿ ಸುತ್ತಿದ ಫೈಲು ಮಾತ್ರ.

2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಹಲವು ಕಡೆ ಕುಸಿದು ತಿಂಗಳುಗಟ್ಟಲೆ ಬಸ್ಸು ನಿಂತಿತಲ್ಲ, ಆಗ ಡಿಪೋದಲ್ಲಿ ಗೆಳೆಯರು ಬೆನ್ನು ತಟ್ಟಿದರು. ‘ನೀನು ಅವತ್ತೇ ಹೇಳಿದ್ದೆ ಮಾರಾಯ!’ ನಾನು ಮೀಸೆಯಲ್ಲೇ ನಕ್ಕೆ. ಸುಳ್ಳೇಕೆ, ಹೆಮ್ಮೆಯೂ ಆಯಿತು. ಮನೆಗೆ ಬರುವಾಗ ನಾಚಿಕೆಯಾಯಿತು. ಐದು ವರ್ಷ ಮೊದಲೇ ಸರಿಯಾಗಿರುವುದೂ ಒಂದು ಸರಿಯೇ? ಕೆಟ್ಟದ್ದಾಗುತ್ತದೆ ಎಂದು ಹೇಳುತ್ತಲೇ ಇರುವವನು ಎಂದಾದರೊಂದು ದಿನ ಗೆದ್ದೇ ಗೆಲ್ಲುತ್ತಾನೆ, ಕಾಯುವ ತಾಳ್ಮೆ ಇದ್ದರಾಯಿತು. ಒಳ್ಳೆಯದಾಗುತ್ತದೆ ಎನ್ನುವವನಿಗೆ ಆ ಅನುಕೂಲವಿಲ್ಲ. ಅವನು ತಪ್ಪಿದರೆ ಊರಿಗೆಲ್ಲ ಕಾಣುತ್ತದೆ. ನಾನು ತಪ್ಪಿದ್ದು ಯಾರಿಗೆ ಕಂಡಿತು? ಉಜಿರೆಯಲ್ಲಿ ರಸ್ತೆ ದಾಟಿದ ಒಬ್ಬಳಿಗೆ. ಗೋಡೆಯ ಮೇಲಿರುವ ನನ್ನ ಬೆಳ್ಳಿ ಪದಕ ಆಗದೇ ಹೋದ ಅಪಘಾತಗಳನ್ನು ಲೆಕ್ಕ ಹಾಕಿ ಕೊಟ್ಟದ್ದು. ಆಗದೇ ಹೋದ ಇಂಟರ್‌ವ್ಯೂ ಆ ಲೆಕ್ಕಕ್ಕೆ ಬರುವುದಿಲ್ಲ.

ಹಾಗೆಂದು ಅಂದು ನಿಲ್ಲಿಸಿದ್ದು ತಪ್ಪೆಂದು ನಾನು ಒಪ್ಪುವುದಿಲ್ಲ. ಮತ್ತೆ ಅದೇ ನೀರು, ಅದೇ ಕಲ್ಲು ಕಂಡರೆ ಮತ್ತೆ ನಿಲ್ಲಿಸುತ್ತೇನೆ. ಆದರೆ ಆ ಕಾರಿನ ಬಾಗಿಲು ತೆರೆದಾಗ ಕೂಗಬಾರದಿತ್ತು. ಬಸ್ಸು ನಿಲ್ಲಿಸುವುದು ನನ್ನ ಕೆಲಸ. ಅವಳನ್ನು ನಿಲ್ಲಿಸುವುದು ನನ್ನ ಕೆಲಸವಾಗಿರಲಿಲ್ಲ.

ಚಿಕ್ಕವಳಿದ್ದಾಗ ನಿನಗೆ ಮೂರು ಮೀನುಗಳ ಕಥೆ ಹೇಳುತ್ತಿದ್ದೆ. ಬೆಸ್ತರು ನಾಳೆ ಬಲೆ ಬೀಸುತ್ತಾರೆಂದು ಕೇಳಿ ಅಂದೇ ಕೆರೆ ಬಿಟ್ಟ ಅನಾಗತವಿಧಾತ, ಬಲೆಯಲ್ಲಿ ಸತ್ತಂತೆ ನಟಿಸಿ ಪಾರಾದ ಪ್ರತ್ಯುತ್ಪನ್ನಮತಿ, ಆದದ್ದಾಗಲಿ ಎಂದು ಕುಳಿತು ಸತ್ತ ಯದ್ಭವಿಷ್ಯ. ಮೊದಲನೆಯದರಂತೆ ಇರು ಎಂದು ಪ್ರತಿ ಸಲವೂ ಹೇಳುತ್ತಿದ್ದೆ. ನೀನು ಎರಡನೆಯದೇ ಚೆನ್ನ ಎಂದು ಹಟ ಮಾಡುತ್ತಿದ್ದೆ. ಈಗ ಹೊಳೆಯುತ್ತದೆ, ಆ ಮೊದಲನೆಯ ಮೀನು ಬೆಸ್ತರ ಮಾತನ್ನು ಕಿವಿಯಾರೆ ಕೇಳಿತ್ತು. ನಾನು ಬೆಸ್ತರು ಸುಳಿಯದ ಕೆರೆಗಳಿಂದಲೂ ಓಡಿದವನು, ನಿನ್ನನ್ನೂ ಎಳೆದುಕೊಂಡು ಓಡಿದವನು.

ಆದರೂ ನಿನ್ನ ‘ಎಲ್ಲ ಒಳ್ಳೆಯದೇ ಆಗುತ್ತದೆ ಅಪ್ಪ’ ಎಂಬ ಮಾತು ನನಗೆ ಇಂದಿಗೂ ನುಂಗಲು ಆಗುವುದಿಲ್ಲ. ಯಾರು ಹೇಳಿದರು ನಿನಗೆ? ಚಂದ್ರಯಾನದ ಉದಾಹರಣೆ ಕೊಟ್ಟೆ. ಸರಿ, ಅದನ್ನೇ ತೆಗೆದುಕೊ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಚಂದ್ರನ ನೆಲಕ್ಕಪ್ಪಳಿಸಿದಾಗ ನಾವಿಬ್ಬರೂ ಟಿವಿಯ ಮುಂದಿದ್ದೆವು. ಮುಂದಿನ ಸಲ ಅವರು ಏನು ಮಾಡಿದರು? ಎಲ್ಲ ಸರಿಹೋಗುತ್ತದೆ ಎಂದು ಹೊರಟರೇ? ಏನೇನು ಕೆಡಬಹುದು ಎಂಬುದನ್ನೇ ಮುಂದಿಟ್ಟುಕೊಂಡು ವಿನ್ಯಾಸ ಮಾಡಿದೆವು ಎಂದು ಇಸ್ರೊ ಅಧ್ಯಕ್ಷರಾಗಿದ್ದ ಸೋಮನಾಥ್ ಹೇಳಿದ್ದನ್ನು ನಾನು ಪತ್ರಿಕೆಯಲ್ಲಿ ಎರಡು ಸಲ ಓದಿದೆ. ಇಳಿಯುವ ಜಾಗವನ್ನು 500 ಮೀಟರ್ ಚೌಕದಿಂದ ನಾಲ್ಕು ಕಿಲೋಮೀಟರ್ ಉದ್ದ, ಎರಡೂವರೆ ಕಿಲೋಮೀಟರಿನಷ್ಟು ಅಗಲಕ್ಕೆ ಹಿಗ್ಗಿಸಿದರು. ಕಾಲುಗಳನ್ನು ಗಟ್ಟಿ ಮಾಡಿದರು, ಇಂಧನ ಹೆಚ್ಚಿಗೆ ತುಂಬಿದರು. ಓದುವಾಗ ಯಾರೋ ನಮ್ಮ ಡಿಪೋದ ಹಿರಿಯ ಡ್ರೈವರೇ ಮಾತಾಡಿದಂತಾಯಿತು. ಇದನ್ನು ಶುಕ್ರವಾರ ನಿನ್ನ ಮುಂದೆ ಹೇಳಿ ಗೆಲ್ಲಬೇಕೆಂದಿದ್ದೆ. ಈಗ ಬರೆಯುವಾಗ ನನ್ನ ವಾದದ ಬಾಲ ಕಾಣಿಸುತ್ತಿದೆ. ಅಷ್ಟೆಲ್ಲ ಕೇಡನ್ನು ಯೋಚಿಸಿದವರು 2023ರ ಜುಲೈ 14ರಂದು ರಾಕೆಟ್ ಹಾರಿಸಿಯೂ ಹಾರಿಸಿದರಲ್ಲ! ನನ್ನ ಹನ್ನೊಂದು ಪ್ರಶ್ನೆಗಳಲ್ಲಿ ಒಂದಕ್ಕಾದರೂ ‘ಹಾಗಾದರೆ ಹೀಗೆ ಮಾಡೋಣ’ ಎಂಬ ಬಾಲವಿತ್ತೇ? ಇರಲಿಲ್ಲ. ಉತ್ತರ ಬೇಡದ ಪ್ರಶ್ನೆಗಳು ಅವು. ನೀನು ಹೋಗದಿರಲಿ ಎಂದು ಕೇಳಿದ್ದು.

ಆದ್ದರಿಂದ ಈಗ ಬಾಲ ಸೇರಿಸುತ್ತೇನೆ. ಆರು ತಿಂಗಳ ಕಂತಿನ ಹಣವನ್ನು ಮೊದಲೇ ಬೇರೆ ಖಾತೆಯಲ್ಲಿಡು, ಅದನ್ನು ಮುಟ್ಟಬೇಡ. ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ ಬೇಡ, ಐದು ವರ್ಷಕ್ಕೆ ಬರೆಸಿ ನೋಂದಣಿ ಮಾಡಿಸು. ಗೆಳತಿಯೊಂದಿಗಿನ ಪಾಲುದಾರಿಕೆಯೂ ಬರವಣಿಗೆಯಲ್ಲಿರಲಿ, ಸ್ನೇಹ ಕೆಡಬಾರದು ಎಂದಿದ್ದರೆ. ರಾತ್ರಿ ಎಂಟರ ಮೇಲೆ ಒಬ್ಬಳೇ ಬಾಗಿಲು ಹಾಕಬೇಡ. ಹೊಟ್ಟೆಗೆ ಸರಿಯಾಗಿ ತಿನ್ನು. ಆಸ್ಪತ್ರೆಯ ಕೆಲಸ ಬಿಡುವಾಗ ಯಾರ ಜೊತೆಗೂ ಜಗಳ ಮಾಡಿಕೊಂಡು ಬಿಡಬೇಡ, ಮುಂದೆ ಮತ್ತೆ… ನೋಡು. ಮತ್ತೆ ಅಲ್ಲಿಗೇ ಬಂದೆ. ಆ ಕೊನೆಯ ಸಾಲನ್ನು ಓದಬೇಡ. ಹೊಡೆದು ಹಾಕಿದರೆ ಕಾಗದ ಕೊಳೆಯಾಗುತ್ತದೆ ಎಂದು ಬಿಟ್ಟಿದ್ದೇನೆ.

ಘಾಟಿಯ ಇಕ್ಕಟ್ಟಿನಲ್ಲಿ ಎರಡು ಗಾಡಿಗಳು ಎದುರಾದರೆ ಇಳಿಯುವವನು ಹತ್ತುವವನಿಗೆ ದಾರಿ ಬಿಡಬೇಕು. ಅದು ಸೌಜನ್ಯವಲ್ಲ, ಕಾನೂನು. ಎಷ್ಟೋ ಲಾರಿಯವರಿಗೆ ಕಿಟಕಿಯಿಂದ ತಲೆ ಹೊರಹಾಕಿ ಇದನ್ನು ಬೋಧಿಸಿದ್ದೇನೆ. ಅರವತ್ತೈದರ ನಾನು ಯಾವ ಕಡೆ ಹೋಗುತ್ತಿದ್ದೇನೆ, ಇಪ್ಪತ್ತೊಂಬತ್ತರ ನೀನು ಯಾವ ಕಡೆ ಹೋಗುತ್ತಿದ್ದೀಯೆ ಎಂಬುದು ಶುಕ್ರವಾರ ಹೊಳೆಯಲಿಲ್ಲ.

ಜಾಮೀನಿನ ಕಾಗದ ಇದರ ಜೊತೆಗಿದೆ. ಮೂರು ಕಡೆ ಸಹಿ ಹಾಕಿದ್ದೇನೆ. ಎರಡನೆಯದು ಸ್ವಲ್ಪ ನಡುಗಿದಂತಿದೆ, ಬ್ಯಾಂಕಿನವರು ಕೇಳಿದರೆ ವಯಸ್ಸು ಎನ್ನು. ನಿನ್ನ ಅಮ್ಮ ಪಕ್ಕದಲ್ಲಿ ನಿಂತು ನೋಡಿ, ಕಾಫಿ ತಂದುಕೊಟ್ಟಳು. ಎರಡು ದಿನದಲ್ಲಿ ಅವಳು ಆಡಿದ ಮೊದಲ ಮಾತು, ‘ಸಕ್ಕರೆ ಹಾಕಿದ್ದೇನೆ.’

ಇನ್ನೊಂದು ವಿಷಯ. ನೀನು ಮೊಬೈಲಿನಲ್ಲಿ ತೋರಿಸಿದ ಆ ಹಾಸನದ ಮಳಿಗೆಯ ಮುಂದೆ ಮೂರು ಮೆಟ್ಟಿಲಿವೆ. ಬರುವವರೆಲ್ಲ ಮೊಣಕಾಲು, ಸೊಂಟ ಹಿಡಿದವರು. ಮೆಟ್ಟಿಲು ಹತ್ತಲಾಗುವಂತಿದ್ದರೆ ನಿನ್ನ ಹತ್ತಿರ ಏಕೆ ಬರುತ್ತಾರೆ? ಇಳಿಜಾರು ಹಾಕಿಸಬೇಕು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿ ತಳ್ಳುವವರಿಗೆ ಉಸಿರು ಕಟ್ಟುತ್ತದೆ. ಮೆಟ್ಟಿಲು ಆರಾರು ಅಂಗುಲವೆಂದರೆ ಒಟ್ಟು ಒಂದೂವರೆ ಅಡಿ, ಹದಿನೆಂಟು ಅಡಿ ಉದ್ದವಾಯಿತು. ಮುಂದೆ ಅಷ್ಟು ಜಾಗವಿಲ್ಲ, ಫೋಟೊದಲ್ಲೇ ಗೊತ್ತಾಗುತ್ತದೆ. ಒಂಬತ್ತು ಅಡಿ ಹೋಗಿ, ಒಂದು ತಿರುವು ಕೊಟ್ಟು, ಮತ್ತೆ ಒಂಬತ್ತು ಅಡಿ ಬರಬಹುದು. ತಿರುವಿನಲ್ಲಿ ಗಾಲಿಕುರ್ಚಿ ತಿರುಗಲು ಐದಡಿ ಸಮತಟ್ಟು ಬೇಕೇ ಬೇಕು. ಕಟ್ಟುವವರು ಅಲ್ಲಿಯೇ ಜುಗ್ಗತನ ಮಾಡುವುದು. ಅಳತೆ ಟೇಪು ನನ್ನ ಬಳಿ ಇದೆ. ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ನಿಲ್ದಾಣಕ್ಕೆ ಬರುವುದು ಬೇಡ, ಮಳಿಗೆ ಎಲ್ಲಿ ಎಂದು ಹೇಳು ಸಾಕು.

ನಿನ್ನ
ಅಪ್ಪ