ಪ್ರತಿಜ್ಞೆ ಹೇಳಿಸಿದ್ದು ಸಾಕು, ಹಾಸ್ಟೆಲಿಗೆ ಫಾರಂ ತನ್ನಿ

ಸಂಪಾದಕರಿಗೆ ನಮಸ್ಕಾರ,

ಜನವರಿ 25 ಬಂತಂದ್ರೆ ರಾಷ್ಟ್ರೀಯ ಮತದಾರರ ದಿನ ಅಂತ ಎಲ್ಲಾ ಯೂನಿವರ್ಸಿಟಿ, ಕಾಲೇಜಲ್ಲೂ ನಮ್ಮನ್ನ ಸಾಲಾಗಿ ನಿಲ್ಸಿ, ಕೈ ಮುಂದೆ ಚಾಚಿಸಿ ಪ್ರತಿಜ್ಞೆ ಹೇಳಿಸ್ತಾರೆ. 2011ರಿಂದ ನಡ್ಕೊಂಡು ಬಂದಿರೋ ಕಾರ್ಯಕ್ರಮ ಇದು, ಡಿಗ್ರಿಗೆ ಸೇರಿದಾಗಿಂದ ನಾನೂ ಪ್ರತಿ ವರ್ಷ ಹೇಳಿದೀನಿ, ಮನಸಿಟ್ಟೇ ಹೇಳಿದೀನಿ. ಆದ್ರೆ ಕೈ ಕೆಳಗಿಳಿಸಿದ ಮೇಲೆ ಏನಾಗುತ್ತೆ ಅಂತ ಯಾರೂ ಕೇಳಲ್ಲ, ಅದಕ್ಕೇ ಈ ಪತ್ರ ಬರೀತಿದೀನಿ.

ನಂದು ಹಾವೇರಿ ಜಿಲ್ಲೆ, ಓದ್ತಿರೋದು ಹಳೇ ಮೈಸೂರು ಕಡೆಯ ಒಂದು ಯೂನಿವರ್ಸಿಟಿಲಿ, ಇರೋದು ಹಾಸ್ಟೆಲಲ್ಲಿ. 2024ರ ಲೋಕಸಭಾ ಚುನಾವಣೆ ಟೈಮಲ್ಲಿ ನಮ್ಮ ಕ್ಯಾಂಪಸ್ಸಲ್ಲಿ ದೊಡ್ಡ ಜಾಥಾ ಮಾಡಿದ್ರು, ಡೊಳ್ಳು ಇತ್ತು, ಬ್ಯಾನರ್ ಇತ್ತು, ಸೆಲ್ಫಿ ಪಾಯಿಂಟ್ ಇತ್ತು, ರಂಗೋಲಿ ಸ್ಪರ್ಧೆಲಿ ನಮ್ಮ ಬ್ಲಾಕಿನ ಹುಡುಗೀರಿಗೇ ಫಸ್ಟ್ ಪ್ರೈಜ್ ಬಂತು. ಅದು ಏಪ್ರಿಲ್ ಎರಡನೇ ವಾರ. ಆ ಕಡೆ ಮತದಾನ ಇದ್ದಿದ್ದು ಏಪ್ರಿಲ್ 26ಕ್ಕೆ, ನಾಮಪತ್ರ ಹಾಕೋಕೆ ಏಪ್ರಿಲ್ 4 ಕೊನೆ ದಿನ, ಆ ದಿನ ಕಳೆದ್ಮೇಲೆ ಆ ಚುನಾವಣೆಗೆ ಪಟ್ಟಿಗೆ ಹೊಸ ಹೆಸರು ಸೇರಲ್ಲ, ಕಾನೂನೇ ಹಂಗಿದೆ. ಅಂದ್ರೆ ನಾವು ಡೊಳ್ಳು ಬಾರಿಸ್ಕೊಂಡು ಎಲ್ಲರೂ ವೋಟ್ ಹಾಕಿ ಅಂತ ಕೂಗ್ತಾ ಹೋಗೋ ಹೊತ್ತಿಗೆ ಬಾಗಿಲು ಮುಚ್ಚಿ ಆಗಿತ್ತು. ನನ್ನ ಪಕ್ಕದಲ್ಲಿ ನಡೀತಿದ್ದ ಹುಡುಗಿ ಕೇಳಿದ್ಲು, ಅಕ್ಕಾ ನಂದಿನ್ನೂ ಕಾರ್ಡೇ ಆಗಿಲ್ಲ, ಈಗ ಹಾಕಿದ್ರೆ ಬರುತ್ತಾ ಅಂತ. ಬರಲ್ಲ ಅಂತ ಹೇಳ್ಬೇಕಾಯ್ತು. ಕೈಲಿ ಹಿಡ್ಕೊಂಡಿದ್ದ ಬೋರ್ಡಲ್ಲಿ ಏನು ಬರೆದಿತ್ತೋ ಅದನ್ನೇ ಅವಳು ಕೇಳಿದ್ದು, ಅವತ್ತಿನ ಅವಳ ಮುಖ ನಂಗಿನ್ನೂ ಮರ್ತಿಲ್ಲ.

ನಮ್ಮೂರ ಕಡೆ ವೋಟಿಂಗ್ ಮೇ 7ಕ್ಕೆ ಇತ್ತು, ಮಂಗಳವಾರ, ಇಲ್ಲಿ ಅವತ್ತು ಮಾಮೂಲಿ ಕ್ಲಾಸು. ನಾನು ಸೋಮವಾರ ರಾತ್ರಿ ಬಸ್ ಹತ್ತಿ ಹೋಗಿ ಹಾಕಿ ಬಂದೆ. ಶಕ್ತಿ ಯೋಜನೆ ಇದೆ, ಹುಡುಗೀರಿಗೆ ಟಿಕೆಟ್ ದುಡ್ಡಿನ ತೊಂದ್ರೆ ಇಲ್ಲ, ಆದ್ರೆ ಬುಧವಾರ ಇಂಟರ್ನಲ್ಸ್ ಪರೀಕ್ಷೆ ಇಟ್ಟಿದ್ರು, ರಾಯಚೂರು ಕಡೆಯ ನನ್ನ ರೂಮ್‌ಮೇಟ್ ಅಷ್ಟು ದೂರ ಹೋಗಿ ಬರೋಕಾಗ್ದೆ ಇಲ್ಲೇ ಉಳಿದ್ಲು. ಬೆಂಗಳೂರು ದಕ್ಷಿಣದಲ್ಲಿ ಮತದಾನ 53 ಪರ್ಸೆಂಟ್ ಆಸುಪಾಸು, ಮಂಡ್ಯದಲ್ಲಿ 81 ದಾಟ್ತು ಅಂತ ಪೇಪರಲ್ಲಿ ಬಂದಾಗ ಸಿಟಿಲಿರೋ ಹುಡುಗರಿಗೆ ಆಸಕ್ತಿ ಇಲ್ಲ ಅಂತ ಎಲ್ರೂ ಬೈದ್ರು, ಆದ್ರೆ ಹೆಸರು ಊರಲ್ಲಿ, ತಾನು ಪಿಜಿಲೋ ಹಾಸ್ಟೆಲಲ್ಲೋ ಅಂತ ಇರೋ ನಮ್ಮಂಥೋರ ಕಥೆ ಯಾರೂ ಬರೀಲಿಲ್ಲ.

ಹಾಸ್ಟೆಲಲ್ಲಿ ಇರೋರು ಇಷ್ಟ ಇದ್ರೆ ಹಾಸ್ಟೆಲ್ ವಿಳಾಸದಲ್ಲೇ ಹೆಸರು ಸೇರಿಸ್ಬಹುದು ಅನ್ನೋದು ನನ್ನ ಕ್ಲಾಸಲ್ಲಿ ಯಾರಿಗೂ ಗೊತ್ತಿರ್ಲಿಲ್ಲ. ಒಂದು ವರ್ಷಕ್ಕೆ ಕಮ್ಮಿ ಇಲ್ಲದ ಕೋರ್ಸ್ ಇರ್ಬೇಕು, ಪ್ರಿನ್ಸಿಪಾಲರೋ ರಿಜಿಸ್ಟ್ರಾರೋ ನಾವು ಇಲ್ಲೇ ಓದ್ತಿದೀವಿ ಅಂತ ಬೋನಫೈಡ್ ಸರ್ಟಿಫಿಕೇಟ್ ಕೊಡ್ಬೇಕು, ಅದನ್ನ ಹೊಸದಾಗಿ ಹೆಸರು ಸೇರಿಸೋ ಅರ್ಜಿ, ಅಂದ್ರೆ ಫಾರಂ 6ರ ಜೊತೆ ಲಗತ್ತಿಸ್ಬೇಕು ಅಷ್ಟೇ. ಊರಲ್ಲಿ ಈಗಾಗಲೇ ಹೆಸರಿದ್ರೆ ಫಾರಂ 8 ಹಾಕಿ ವರ್ಗಾಯಿಸ್ಕೋಬೇಕು, ಎರಡು ಕಡೆ ಇಟ್ಕೊಳ್ಳೋದು ತಪ್ಪು. ಮೊದಲು ಜನವರಿ 1ಕ್ಕೆ 18 ತುಂಬಿರ್ಬೇಕಿತ್ತು, ಈಗ ವರ್ಷಕ್ಕೆ ನಾಲ್ಕು ತಾರೀಖು ಇದೆ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖು, 17 ಆದವರೂ ಮುಂಚೆನೇ ಅರ್ಜಿ ಹಾಕ್ಬಹುದು. ಇಷ್ಟನ್ನ ಹೇಳೋಕೆ ಹತ್ತು ನಿಮಿಷ ಸಾಕು ಕಣ್ರೀ, ಆದ್ರೆ ನಾನು ಕೂತು ಕೇಳಿದ ಒಂದು ಭಾಷಣದಲ್ಲೂ ಇದು ಬರ್ಲಿಲ್ಲ, ಪ್ರಜಾಪ್ರಭುತ್ವದ ಹಬ್ಬ ಅಂತ ಮಾತ್ರ ಪ್ರತಿ ಸಲ ಬಂತು.

ಒಂದೇ ಒಂದು ಸಲ ಕೆಲಸ ಆಗಿದ್ದು ನೋಡಿದೀನಿ. ಎನ್‌ಎಸ್‌ಎಸ್ ಮೇಡಂ ಒಬ್ರು ಭಾನುವಾರ ಬೆಳಿಗ್ಗೆ ನಮ್ಮ ಮೆಸ್ ಬಾಗಿಲ ಮುಂದೆ ಎರಡು ಟೇಬಲ್ ಹಾಕಿಸಿ, ಫಾರಂ, ಗಮ್ ಬಾಟ್ಲು, ಬೋನಫೈಡ್ ಪುಸ್ತಕ, ಸೀಲು ಎಲ್ಲಾ ತಂದು ಕೂತಿದ್ರು. ತಿಂಡಿಗೆ ಬಂದೋರು ಇಡ್ಲಿ ತಟ್ಟೆ ಕೈಲಿ ಹಿಡ್ಕೊಂಡೇ ಲೈನಲ್ಲಿ ನಿಂತ್ರು, ಮಧ್ಯಾಹ್ನದ ಹೊತ್ತಿಗೆ ಫಾರಂ ಖಾಲಿ ಆಗಿ ಝೆರಾಕ್ಸ್ ಅಂಗಡಿಗೆ ಓಡಿದ್ವಿ. ಭಾಷಣ ಇಲ್ಲ, ಹಾರ ಇಲ್ಲ. ಆದ್ರೆ ಆಮೇಲೆ ಪರಿಶೀಲನೆಗೆ ಅಂತ ಬಿಎಲ್‌ಒ, ಅಂದ್ರೆ ಮತಗಟ್ಟೆ ಮಟ್ಟದ ಅಧಿಕಾರಿ, ಬಂದಾಗ ಗೇಟಲ್ಲಿ ಮಕ್ಕಳೆಲ್ಲಾ ಕ್ಲಾಸಿಗೆ ಹೋಗಿದಾರೆ ಅಂತ ವಾಪಸ್ ಕಳಿಸಿಬಿಟ್ರಂತೆ, ವಾರ್ಡನ್‌ಗೆ ಯಾರೂ ಮುಂಚೆ ತಿಳಿಸಿರ್ಲಿಲ್ಲ, ಎಷ್ಟೋ ಜನರ ಅರ್ಜಿ ತಿರಸ್ಕೃತ ಅಂತ ಮೊಬೈಲಿಗೆ ಮೆಸೇಜ್ ಬಂತು. ಮೇಡಂ ಪಟ್ಟ ಕಷ್ಟ ನೀರಿಗೆ ಹೋಯ್ತಲ್ಲ ಅಂತ ನಮಗೆಲ್ಲಾ ಹೊಟ್ಟೆ ಉರೀತು.

2024ರ ಸೆಪ್ಟೆಂಬರ್ 15ಕ್ಕೆ ಪ್ರಜಾಪ್ರಭುತ್ವ ದಿನ ಅಂತ ಬೀದರಿಂದ ಚಾಮರಾಜನಗರದವರೆಗೆ 2,500 ಕಿಲೋಮೀಟರ್ ಮಾನವ ಸರಪಳಿ ಮಾಡಿದ್ರಲ್ಲ, ಅದರಲ್ಲಿ ನಾನೂ ನಿಂತಿದ್ದೆ. ಗುರುತಿಲ್ಲದ ಒಬ್ಬ ಅಜ್ಜಿ ಕೈ ಹಿಡ್ಕೊಂಡು ಸಂವಿಧಾನ ಪೀಠಿಕೆ ಓದಿದಾಗ ಮೈ ಜುಮ್ ಅಂದಿದ್ದು ನಿಜ. ಅಷ್ಟು ಜನರನ್ನ, ಅಷ್ಟು ಇಲಾಖೆಗಳನ್ನ ಒಂದೇ ದಿನ ರಸ್ತೆಗೆ ತರೋ ಶಕ್ತಿ ನಮ್ಮ ವ್ಯವಸ್ಥೆಗಿದೆ, ಹಂಗಿರೋವಾಗ ಒಂದು ಹಾಸ್ಟೆಲಿಗೆ ಬಿಎಲ್‌ಒ ಯಾವತ್ತು ಬರ್ತಾರೆ ಅಂತ ನೋಟಿಸ್ ಬೋರ್ಡಿಗೆ ಒಂದು ಚೀಟಿ ಅಂಟಿಸೋಕೆ ಯಾಕಾಗಲ್ಲ?

ಕುಲಪತಿಗಳಿಗೆ, ಜಿಲ್ಲಾ ಚುನಾವಣಾ ಅಧಿಕಾರಿಗಳಿಗೆ ನನ್ನ ಕೋರಿಕೆ ಇಷ್ಟೇ. ಅಡ್ಮಿಷನ್ ದಿನ ನಾವು ಹೆಂಗಿದ್ರೂ ಫೋಟೋ, ಆಧಾರ್ ಝೆರಾಕ್ಸ್ ಎಲ್ಲಾ ಇಟ್ಕೊಂಡು ಕೌಂಟರಿಂದ ಕೌಂಟರಿಗೆ ಓಡಾಡ್ತಿರ್ತೀವಿ, ಅವತ್ತೇ ಅಲ್ಲೇ ಇನ್ನೊಂದು ಕೌಂಟರ್ ಹಾಕಿ, ಫಾರಂ 6 ಮತ್ತೆ 8 ಇಡಿ, ಬೋನಫೈಡ್ ಅಲ್ಲೇ ಕೊಡಿ, ಬಿಎಲ್‌ಒ ಬರೋದನ್ನ ಸಂಜೆ ಆರರ ಮೇಲೆ ಇಡಿ, ಆಗ ಎಲ್ರೂ ರೂಮಲ್ಲಿರ್ತೀವಿ. ಮತದಾನದ ಹಿಂದಿನ ದಿನ, ಮಾರನೇ ದಿನ ಇಂಟರ್ನಲ್ಸ್ ಇಡಬೇಡಿ, ದೂರದ ಜಿಲ್ಲೆಯೋರು ಊರಿಗೆ ಹೋಗಿ ಬರೋಕೆ ಅಷ್ಟಾದ್ರೂ ಟೈಮ್ ಬೇಕು.

ಒಬ್ಬ ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ